ಮೈಟರ್ ಸಾ ಬೆಂಚು: ಎತ್ತರದ ಲೆಕ್ಕ ಮೊದಲು, ಕ್ಯಾಬಿನೆಟ್ ಆಮೇಲೆ

ನಡುವೆ ಒಂದು ಗಿಡ್ಡ ಕ್ಯಾಬಿನೆಟ್, ಅದರ ಮೇಲೆ ಮೈಟರ್ ಸಾ, ಅಂದರೆ ಪಟ್ಟಿಗಳನ್ನು ಅಡ್ಡಲಾಗಿ, ಓರೆಯಾಗಿ ಕೊಯ್ಯುವ ಮಷಿನ್. ಎಡಕ್ಕೊಂದು ಬಲಕ್ಕೊಂದು ಎತ್ತರದ ಕ್ಯಾಬಿನೆಟ್. ನಕ್ಷೆ ಇಷ್ಟೇ. ಪೆಟ್ಟಿಗೆ ಜೋಡಿಸುವುದು, ಸ್ಕ್ರೂ ಹೊಡೆಯುವುದು ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ. ತಲೆ ತಿನ್ನುವುದು ಎತ್ತರ. ಪಕ್ಕದ ಎರಡೂ ಕ್ಯಾಬಿನೆಟ್‌ಗಳ ಮೇಲ್ಮೈ, ಮಷಿನ್‌ನ ಬೆಡ್ (ಪಟ್ಟಿ ಇಟ್ಟು ಕೊಯ್ಯುವ ತಟ್ಟೆ), ಮೂರೂ ಒಂದೇ ಮಟ್ಟಕ್ಕೆ ಬರಬೇಕು.

ಲೆಕ್ಕವನ್ನು ನೆಲದಿಂದ ಮೇಲಕ್ಕೆ ಹಾಕಬೇಡಿ. ಮೇಲಿನಿಂದ ಕೆಳಕ್ಕೆ ಕಳೆಯುತ್ತಾ ಬನ್ನಿ. ನಮಗೆ ಬೇಕಾದ ಎತ್ತರ 900 ಎಂ.ಎಂ. ಅಂದುಕೊಳ್ಳಿ. ಪಕ್ಕದ ಕ್ಯಾಬಿನೆಟ್‌ಗೆ: ಲ್ಯಾಮಿನೇಟ್ 1, ಮೇಲಿನ ಹಲಗೆ 18, ಕೆಳಗಿನ ಪೀಠ 90. ಉಳಿದದ್ದು 791, ಅದೇ ಪೆಟ್ಟಿಗೆಯ ಎತ್ತರ. ನಡುವಿನದಕ್ಕೆ ಮೊದಲು ಮಷಿನ್‌ನ ಬೆಡ್ ಎತ್ತರ ಕಳೆಯಿರಿ. ಅದು 95 ಇದ್ದರೆ (ನಿಮ್ಮ ಮಷಿನ್ ನೀವೇ ಅಳೆಯಿರಿ) 805. ಅದರಲ್ಲಿ ಹಲಗೆ 18, ಪೀಠ 90 ಹೋದರೆ 697. ಎರಡು ಪೆಟ್ಟಿಗೆಗಳ ವ್ಯತ್ಯಾಸ 95 ಅಲ್ಲ, 94! ಆ ಒಂದು ಎಂ.ಎಂ. ಲ್ಯಾಮಿನೇಟ್‌ನದ್ದು. ನಡುವಿನ ಹಲಗೆಗೆ ಲ್ಯಾಮಿನೇಟ್ ಅಂಟಿಸುವುದಿಲ್ಲ, ಮಷಿನ್ ಕೂರುವ ಜಾಗ ಅಲ್ವಾ. ಇನ್ನೊಂದು: ಮುಕ್ಕಾಲು ಇಂಚಿನ ಪ್ಲೈ ಅಂತ ಕೇಳಿದರೆ ಸಿಗುವುದು 18 ಎಂ.ಎಂ. ನಿಜವಾದ ಮುಕ್ಕಾಲು ಇಂಚು 19. ಇಂಚು, ಎಂ.ಎಂ. ಬೆರೆಸಬೇಡಿ.

ಒಂದು ಎಂ.ಎಂ.ಗೆ ಇಷ್ಟು ಯಾಕೆ ಅಂದರೆ, ಪಕ್ಕದವು ಎತ್ತರವಾದರೆ ಉದ್ದನೆಯ ಪಟ್ಟಿ ಬೆಡ್ ಮುಟ್ಟದೆ ನಡುವೆ ತೂಗಾಡುತ್ತದೆ. ಬ್ಲೇಡ್ ಕೊಯ್ದು ಮುಗಿಸುವಾಗ ಎರಡೂ ತುದಿ ಒಳಕ್ಕೆ ಕುಸಿಯುತ್ತವೆ, ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಪಟ್ಟಿ ಎಗರುವುದು ಆಗಲೇ. ಪಕ್ಕದವು ಕೂದಲೆಳೆಯಷ್ಟು ತಗ್ಗಿದ್ದರೆ ಪರವಾಗಿಲ್ಲ.

ಅದಕ್ಕೇ ನನಗೆ ಇಷ್ಟವಾದ ಉಪಾಯ: ನಡುವಿನ ಪೆಟ್ಟಿಗೆಯನ್ನು 697 ಬಿಟ್ಟು 695ಕ್ಕೆ ಕೊಯ್ಯಿರಿ. ಮಷಿನ್‌ನ ನಾಲ್ಕು ಕಾಲಿನ ಕೆಳಗೆ ಲ್ಯಾಮಿನೇಟ್ ಚೂರುಗಳನ್ನು ಇಟ್ಟು ಏರಿಸಿ. ಅಲ್ಯೂಮಿನಿಯಂ ಪಟ್ಟಿಯನ್ನು ಮೂರರ ಮೇಲೂ ಅಡ್ಡಲಾಗಿ ಇಡಿ. ಬೆಡ್ ಮೇಲೆ ಮುಟ್ಟಿ, ಪಕ್ಕದವುಗಳ ಮೇಲೆ ತೆಳು ಕಾಗದ ಜಾರುವಂತಿದ್ದರೆ ಸಾಕು, ಬೋಲ್ಟ್ ಹಾಕಿ. ಮಷಿನ್ ಏರಿಸುವುದು ಸುಲಭ, ಕ್ಯಾಬಿನೆಟ್ ಇಳಿಸುವುದು ಯಾರಿಗೆ ಬೇಕು?

ಇನ್ನು ನೆಲ. ಕಲಬುರಗಿಯ ಬಹಳಷ್ಟು ಶೆಡ್‌ಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಲ್ಲು ಅಲ್ಲಲ್ಲಿ ಏಳುತ್ತದೆ, ಕೂರುತ್ತದೆ. ಹಾಗಾಗಿ ಪೀಠವನ್ನು ಬೇರೆಯಾಗೇ ಮಾಡಿ ಮೊದಲು ಮಟ್ಟ ಮಾಡಿ. 900ನ್ನು ಅಳೆಯುವುದು ನೆಲದ ಅತಿ ಎತ್ತರದ ಜಾಗದಿಂದ. ತಗ್ಗಿದ್ದಲ್ಲಿ ಪ್ಯಾಕಿಂಗ್ (ಪೀಠದ ಕೆಳಗೆ ತುರುಕುವ ಚೂರು) ಕೊಡಬಹುದು, ಎತ್ತರ ಇದ್ದಲ್ಲಿ ಏನೂ ಮಾಡಲಾಗದು. ಪ್ಯಾಕಿಂಗ್‌ಗೆ ಅಂಟು ಹಾಕಬೇಡಿ, ಮುಂದೆ ಬದಲಿಸಬೇಕಾಗುತ್ತದೆ. ಉದ್ದಕ್ಕೆ ಗೌಂಡಿಗಳ ನೀರಿನ ಲೆವೆಲ್ ಪೈಪೇ ಚೆಂದ. ಒಳಗೆ ಗುಳ್ಳೆ ಉಳಿದರೆ ಮಾತ್ರ ಸುಳ್ಳು ಹೇಳುತ್ತದೆ. ನೆಲ ಒರೆಸುವ ನೀರು ತಾಗುವ ಪೀಠಕ್ಕೆ ಐಎಸ್ 710 (ನೀರು ತಡೆಯುವ ಮರೀನ್) ಪ್ಲೈ, ಮೇಲಿನ ಪೆಟ್ಟಿಗೆಗೆ ಐಎಸ್ 303 (ಸಾಮಾನ್ಯ ಬಳಕೆಯದು) ಸಾಕು.

ಪೆಟ್ಟಿಗೆಯ ಆಳ 600. ನಾಲ್ಕು ಅಡಿ ಅಗಲದ ಶೀಟು 1220, ಬ್ಲೇಡ್ 3 ತಿಂದರೂ ಎರಡು ಪಟ್ಟಿ ಆರಾಮ ಬರುತ್ತವೆ. ಡ್ರಾಯರ್ ಜಾರುವ ಚಾನೆಲ್‌ಗೆ ಒಂದೊಂದು ಬದಿಗೆ ಸುಮಾರು 13 ಎಂ.ಎಂ. ಬಿಡಬೇಕು. ಹೊರಗೆ 600 ಅಗಲದ ಪೆಟ್ಟಿಗೆಯಲ್ಲಿ 18ರ ಎರಡು ಬದಿ ಹಲಗೆ ಕಳೆದು ಒಳಗೆ 564, ಡ್ರಾಯರ್ 538.

ಕಲಬುರಗಿಯ ಏಪ್ರಿಲ್-ಮೇ ಬಿಸಿಲಿಗೆ ಅಂಟು ಬೇಗ ಒಣಗುತ್ತದೆ. ಒಂದು ಜೋಡಣೆಗೆ ಬೇಕಾದಷ್ಟೇ ಹಚ್ಚಿ, ತಕ್ಷಣ ಕ್ಲ್ಯಾಂಪ್ ಹಾಕಿ.

ಪಕ್ಕದ ಕ್ಯಾಬಿನೆಟ್‌ಗಳ ಮೇಲಿನ ಫೆನ್ಸ್‌ಗಳನ್ನು (ಪಟ್ಟಿಯನ್ನು ಹಿಂದಿನಿಂದ ಒರಗಿಸುವ ಆಸರೆ) ಮಷಿನ್ ಫೆನ್ಸ್‌ಗಿಂತ 1-2 ಎಂ.ಎಂ. ಹಿಂದಕ್ಕೆ ಕೂರಿಸಿ. ಸೊಟ್ಟ ಪಟ್ಟಿಯೂ ಬ್ಲೇಡ್ ಹತ್ತಿರ ಸರಿಯಾಗಿ ಒರಗುತ್ತದೆ. ಸ್ಲೈಡಿಂಗ್ ಮಷಿನ್ (ಬ್ಲೇಡ್ ಇರುವ ತಲೆ ರೇಲ್ ಮೇಲೆ ಹಿಂದೆ ಮುಂದೆ ಜಾರುವಂಥದ್ದು) ಆದರೆ ಗೋಡೆಗೆ ಬೆಂಚು ಬಿಗಿಯುವ ಮುಂಚೆ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಎರಡೂ ಕಡೆ 45 ಡಿಗ್ರಿಗೆ ತಿರುಗಿಸಿ ನೋಡಿ. ರೇಲ್ ಗೋಡೆಗೆ ತಗುಲಿದರೆ ಬೆಂಚನ್ನು ಆಗಲೇ ಮುಂದೆ ಸರಿಸಬಹುದು.