ಆರಿಸಿದರೂ ಆರದ ಬೆಂಕಿ: ಅಣು ವಿದ್ಯುತ್ ಚರ್ಚೆಯನ್ನು ಓದುವವರಿಗೆ ಟಿಪ್ಪಣಿ

ಅಣು ವಿದ್ಯುತ್ ಬೇಕೋ ಬೇಡವೋ ಅನ್ನುವ ಚರ್ಚೆ ಓದಲು ಕೂತರೆ ಬೇಗ ಸುಸ್ತಾಗುತ್ತದೆ. ಒಬ್ಬರು ಚೆರ್ನೋಬಿಲ್ ಅನ್ನುತ್ತಾರೆ. ಇನ್ನೊಬ್ಬರು ಕಲ್ಲಿದ್ದಲಿನ ಹೊಗೆಯಿಂದ ಸಾಯುವವರ ಲೆಕ್ಕ ಕೇಳುತ್ತಾರೆ. ಒಬ್ಬರು ಲಕ್ಷ ವರ್ಷ ಉಳಿಯುವ ಕಸ ಅನ್ನುತ್ತಾರೆ. ಇನ್ನೊಬ್ಬರು ಆ ಕಸ ಎಷ್ಟು ಚಿಕ್ಕ ಜಾಗದಲ್ಲಿ ಹಿಡಿಸುತ್ತದೆ ನೋಡಿ ಅನ್ನುತ್ತಾರೆ. ಎಲ್ಲರ ಮಾತಿನಲ್ಲೂ ನಿಜ ಇದೆ, ಆದರೂ ಮಾತು ಇದ್ದಲ್ಲೇ ಸುತ್ತುತ್ತದೆ.

ನನಗೆ ದಾರಿ ಸಿಕ್ಕಿದ್ದು ಪ್ರಶ್ನೆಗಳನ್ನು ಬಿಡಿಸಿಕೊಂಡ ಮೇಲೆ. ಸ್ಥಾವರದ ಸುರಕ್ಷತೆ ಅಂದರೆ ಮುಖ್ಯವಾಗಿ ಶಾಖದ ಪ್ರಶ್ನೆ. ಕಸ ಅಂದರೆ ಕಾಲದ ಪ್ರಶ್ನೆ. ಇವೆರಡಕ್ಕೂ ಲೆಕ್ಕ ಹಾಕಬಹುದು. ಆದರೆ ಯೋಜನೆಗಳು ನಿಲ್ಲುವುದೋ ನಡೆಯುವುದೋ ಹೆಚ್ಚಾಗಿ ತೀರ್ಮಾನವಾಗುವುದು ಲೆಕ್ಕಕ್ಕೆ ಸಿಗದ ಇನ್ನೊಂದು ಪ್ರಶ್ನೆಯಲ್ಲಿ: ಯಾರ ಮಾತನ್ನು ನಂಬುವುದು? ಪರೀಕ್ಷೆಗೆ ಓದುವವರು ಈ ಮೂರನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಶಾಖದ ಪ್ರಶ್ನೆ

ಯುರೇನಿಯಂ ಪರಮಾಣು ಒಡೆದಾಗ ಶಾಖ ಬರುತ್ತದೆ. ಆ ಶಾಖದಿಂದ ನೀರು ಉಗಿಯಾಗಿ ಟರ್ಬೈನ್ ತಿರುಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗಮನ ಕೊಡಬೇಕಾದದ್ದು ಒಡೆದ ಚೂರುಗಳ ಕಡೆಗೆ. ಆ ಚೂರುಗಳು ಸ್ಥಿರವಾಗಿರುವುದಿಲ್ಲ. ಅವು ಕ್ಷಯಿಸುತ್ತಾ ತಾವೇ ಶಾಖ ಕೊಡುತ್ತಲೇ ಇರುತ್ತವೆ. ನಿಯಂತ್ರಣ ಸರಳುಗಳನ್ನು ಒಳಗೆ ಇಳಿಸಿದರೆ ಒಂದು ಪರಮಾಣು ಒಡೆದು ಇನ್ನೊಂದನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಈ ಉಳಿಕೆ ಶಾಖ ಮಾತ್ರ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವ ಗುಂಡಿಯೇ ಇಲ್ಲ.

ಎಷ್ಟು ಶಾಖ? ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಕ್ತಿಯ ಸುಮಾರು 7 ಶೇಕಡಾ. ಒಂದು ಗಂಟೆ ಕಳೆದ ಮೇಲೆ ಸುಮಾರು ಒಂದೂವರೆ ಶೇಕಡಾ. ಒಂದು ದಿನದ ನಂತರ ಅರ್ಧ ಶೇಕಡಾದ ಆಸುಪಾಸು. ಕೇಳಲು ಪುಟ್ಟ ಸಂಖ್ಯೆ ಅಲ್ವಾ? ಲೆಕ್ಕ ಮಾಡಿ ನೋಡಿ. 3000 ಮೆಗಾವಾಟ್ ಶಾಖ ಕೊಡುವ ರಿಯಾಕ್ಟರ್‌ನಲ್ಲಿ ಅರ್ಧ ಶೇಕಡಾ ಅಂದರೆ 15 ಮೆಗಾವಾಟ್. 2 ಕಿಲೋವಾಟ್‌ನ ಗೀಸರ್ ಏಳೂವರೆ ಸಾವಿರ ತಂದು ಒಂದೇ ತೊಟ್ಟಿಯಲ್ಲಿ ಇಟ್ಟು ಹಗಲು ರಾತ್ರಿ ಉರಿಸಿದ ಹಾಗೆ. ನೀರು ಹರಿಯುತ್ತಲೇ ಇರಬೇಕು. ನೀರು ನಿಂತರೆ ಇಂಧನ ಕರಗುತ್ತದೆ. ಇದೊಂದು ಸಂಗತಿ ತಲೆಗೆ ಹತ್ತಿದರೆ ಸ್ಥಾವರದಲ್ಲಿ ಪಂಪಿನ ಮೇಲೆ ಪಂಪು, ಜನರೇಟರಿನ ಮೇಲೆ ಜನರೇಟರು ಯಾಕೆ ಇಡುತ್ತಾರೆ ಅನ್ನುವುದು ತಾನಾಗಿ ಅರ್ಥವಾಗುತ್ತದೆ.

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ನಡೆದದ್ದು ಇದೇ. ನೀರು ಪೂರೈಸುವ ಪಂಪುಗಳು ನಿಂತವು. ರಿಯಾಕ್ಟರ್ ಸರಿಯಾಗಿಯೇ ಬಂದ್ ಆಯಿತು. ಒತ್ತಡ ಇಳಿಸಲು ಒಂದು ವಾಲ್ವ್ ತೆರೆದುಕೊಂಡಿತು. ಮತ್ತೆ ಮುಚ್ಚಿಕೊಳ್ಳಬೇಕಿತ್ತು, ಸಿಕ್ಕಿಹಾಕಿಕೊಂಡಿತು. ಆದರೆ ಕಂಟ್ರೋಲ್ ರೂಮಿನ ಫಲಕದಲ್ಲಿ ಆ ವಾಲ್ವ್‌ನ ದೀಪ ಆರಿತ್ತು. ಆ ದೀಪ ಹೇಳುತ್ತಿದ್ದದ್ದು ಮುಚ್ಚಿಕೋ ಅನ್ನುವ ಸಂಕೇತ ಹೋಗಿದೆ ಅಂತ ಮಾತ್ರ. ವಾಲ್ವ್ ನಿಜವಾಗಿ ಮುಚ್ಚಿದೆಯಾ ಅಂತ ಅದಕ್ಕೆ ಗೊತ್ತಿರಲಿಲ್ಲ. ಸಿಬ್ಬಂದಿ ದೀಪವನ್ನು ನಂಬಿದರು. ಒಳಗೆ ನೀರು ಜಾಸ್ತಿಯಾಗಿದೆ ಅಂದುಕೊಂಡು ತುರ್ತು ನೀರನ್ನೂ ತಗ್ಗಿಸಿದರು. ಇತ್ತ ವಾಲ್ವ್‌ನಿಂದ ನೀರು ಸುರಿದು ಹೋಗುತ್ತಲೇ ಇತ್ತು. ಇಂಧನದ ಸುಮಾರು ಅರ್ಧ ಭಾಗ ಕರಗಿತು. ಉಕ್ಕಿನ ಪಾತ್ರೆ ಮಾತ್ರ ಹಿಡಿದು ನಿಂತಿತು, ಹೊರಗೆ ಹೋದ ವಿಕಿರಣ ಕಡಿಮೆ.

ಈ ಒಂದು ದೀಪವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸುರಕ್ಷತೆ ಅಂದರೆ ಗೋಡೆಯ ದಪ್ಪ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಆ ರಾತ್ರಿ ಎಡವಿದ್ದು ಯಂತ್ರ ಮನುಷ್ಯನಿಗೆ ಸುದ್ದಿ ಮುಟ್ಟಿಸುವ ಜಾಗದಲ್ಲಿ.

ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಬೇರೆ ಜಾತಿಯ ಅಪಘಾತ. ಅದನ್ನು ಉಳಿಕೆ ಶಾಖದ ಲೆಕ್ಕಕ್ಕೆ ಸೇರಿಸಬೇಡಿ. 1986ರ ಏಪ್ರಿಲ್ 26ರ ರಾತ್ರಿ ಅಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ಆ ಮಾದರಿಯ ರಿಯಾಕ್ಟರ್‌ನಲ್ಲಿ ನೀರು ಉಗಿಯಾದಷ್ಟೂ ಸರಪಳಿ ಕ್ರಿಯೆ ಜೋರಾಗುತ್ತಿತ್ತು. ನಿಯಂತ್ರಣ ಸರಳುಗಳ ತುದಿಯಲ್ಲಿ ಆ ಕ್ರಿಯೆಗೆ ನೆರವಾಗುವ ಗ್ರಾಫೈಟ್ ಇದ್ದುದರಿಂದ, ನಿಲ್ಲಿಸಲು ಅವನ್ನು ಇಳಿಸಿದಾಗ ಮೊದಲ ಕ್ಷಣಗಳಲ್ಲಿ ಶಕ್ತಿ ಏರಿತು. ಬ್ರೇಕ್ ತುಳಿದರೆ ಮೊದಲು ಗಾಡಿ ಮುಂದಕ್ಕೆ ನುಗ್ಗಿದಂತೆ. ಸುತ್ತ ಗಟ್ಟಿ ಕಾಂಕ್ರೀಟ್ ಕವಚವೂ ಇರಲಿಲ್ಲ. ಪಕ್ಕದ ಪ್ರಿಪ್ಯಾಟ್ ಊರಿನ ಜನರನ್ನು ಬಸ್ ಹತ್ತಿಸಿದ್ದು ಮರುದಿನ ಮಧ್ಯಾಹ್ನ. ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು 28ರಂದು, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ನೌಕರರೊಬ್ಬರ ಬೂಟು ಅಲಾರಂ ಬಾರಿಸಿದಾಗ. ಸೋವಿಯತ್ ಸರ್ಕಾರ ಬಾಯಿ ಬಿಟ್ಟದ್ದು ಆಮೇಲೆ, ಅದೇ ಸಂಜೆ. ಈ ನಡುವೆ ಅಯೋಡಿನ್-131 ಎಂಬ ವಿಕಿರಣ ವಸ್ತು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಇಳಿದು, ಮಕ್ಕಳ ಥೈರಾಯ್ಡ್ ಸೇರಿತ್ತು. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ, ಬರೀ 8 ದಿನ. ಕೆಲವು ವಾರ ಆ ಹಾಲು ಕುಡಿಯಬೇಡಿ ಅಂತ ಹೊತ್ತಿಗೆ ಸರಿಯಾಗಿ ಎಲ್ಲ ಕಡೆ ಹೇಳಿದ್ದರೆ ಎಷ್ಟೋ ಮಕ್ಕಳಿಗೆ ಮುಂದೆ ಕ್ಯಾನ್ಸರ್ ಬರುತ್ತಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚೆರ್ನೋಬಿಲ್‌ನಲ್ಲಿ ಸತ್ತವರೆಷ್ಟು ಅನ್ನುವುದಕ್ಕೆ ಯಾಕೆ ಒಂದೊಂದು ಕಡೆ ಒಂದೊಂದು ಉತ್ತರ? ಸ್ಫೋಟದಲ್ಲಿ ಇಬ್ಬರು, ತೀವ್ರ ವಿಕಿರಣದಿಂದ ಮುಂದಿನ ಕೆಲವು ತಿಂಗಳಲ್ಲಿ 28 ಮಂದಿ. ಇದರಲ್ಲಿ ಜಗಳ ಇಲ್ಲ. ಜಗಳ ಇರುವುದು ಮುಂದಿನ ದಶಕಗಳ ಕ್ಯಾನ್ಸರ್ ಬಗ್ಗೆ. ಎಷ್ಟು ಸಣ್ಣ ಪ್ರಮಾಣದ ವಿಕಿರಣವಾದರೂ ಅಷ್ಟಕ್ಕೆ ತಕ್ಕ ಅಪಾಯ ಇದ್ದೇ ಇದೆ ಅನ್ನುವುದು ಒಂದು ಊಹೆ. ವಿಕಿರಣ ರಕ್ಷಣೆಯ ನಿಯಮಗಳು ಇದರ ಮೇಲೆ ನಿಂತಿವೆ. ಈ ಊಹೆ ಇಟ್ಟುಕೊಂಡು ಪುಟ್ಟ ಅಪಾಯವನ್ನು ಕೋಟಿಗಟ್ಟಲೆ ಜನರಿಂದ ಗುಣಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ. ಹಾಗೆ ಗುಣಿಸುವುದು ಸರಿಯಲ್ಲ ಅನ್ನುವವರಿಗೆ ಸಣ್ಣ ಸಂಖ್ಯೆ ಸಿಗುತ್ತದೆ. ಆದ್ದರಿಂದ ಸಾವಿನ ಸಂಖ್ಯೆ ಕಂಡ ಕೂಡಲೇ ಕೇಳಬೇಕಾದದ್ದು: ಎಷ್ಟು ಜನರನ್ನು, ಯಾವ ಊಹೆಯಿಂದ ಎಣಿಸಿದ್ದಾರೆ?

ಇನ್ನು ಜಪಾನಿನ ಫುಕುಶಿಮಾ. 2011ರ ಮಾರ್ಚ್ 11ರ ಭೂಕಂಪಕ್ಕೆ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರ್‌ಗಳು ಶುರುವಾದವು. ಒಂದು ಗಂಟೆಯೊಳಗೆ ಸುಮಾರು 14 ಮೀಟರ್ ಎತ್ತರದ ಸುನಾಮಿ ಬಂತು. ಹೆಚ್ಚಿನ ಜನರೇಟರ್‌ಗಳು ಮತ್ತು ವಿದ್ಯುತ್ ಫಲಕಗಳು ಇದ್ದದ್ದು ಕಟ್ಟಡದ ಕೆಳ ಅಂತಸ್ತಿನಲ್ಲಿ. ನೀರು ನುಗ್ಗಿತು, ಪಂಪುಗಳು ನಿಂತವು. ಒಳಗಿನ ಶಾಖ ತನ್ನ ಪಾಡಿಗೆ ತಾನು ಏರಿತು. ಒಳಗೆ ಎಷ್ಟು ನೀರಿದೆ ಅಂತ ಮೀಟರ್ ಓದಲೂ ಕರೆಂಟ್ ಇಲ್ಲ. ಸಿಬ್ಬಂದಿ ಕಾರುಗಳ ಬ್ಯಾಟರಿ ಬಿಚ್ಚಿ ತಂದು, ಕತ್ತಲಲ್ಲಿ ಮೀಟರ್‌ಗಳಿಗೆ ಜೋಡಿಸಿದರು. ಅಷ್ಟು ದೊಡ್ಡ ವಿದ್ಯುತ್ ಸ್ಥಾವರ, ಅದರ ಕಂಟ್ರೋಲ್ ರೂಮಿನಲ್ಲಿ ಕಾರಿನ ಬ್ಯಾಟರಿ! ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು.

ಇದರ ಪಕ್ಕದಲ್ಲೇ ಒನಗಾವಾ ಸ್ಥಾವರದ ಕಥೆಯನ್ನೂ ಇಟ್ಟು ಓದಬೇಕು. ಅದು ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರ ಇತ್ತು. ಸುಮಾರು 13 ಮೀಟರ್ ಸುನಾಮಿ ಅಲ್ಲಿಗೂ ಬಂತು. ಆದರೆ ಕಟ್ಟುವಾಗಲೇ ನೆಲವನ್ನು 14 ಮೀಟರ್‌ಗೂ ಮೇಲೆ ಇಟ್ಟಿದ್ದರು. ಸ್ಥಾವರ ಉಳಿಯಿತು. ಮನೆ ಕಳೆದುಕೊಂಡ ನೂರಾರು ಜನ ಅದರ ಆವರಣದಲ್ಲೇ ಆಶ್ರಯ ಪಡೆದರು. ಅದೇ ದೇಶ, ಅದೇ ಸಮುದ್ರ, ಅದೇ ದಿನ. ಅಣು ವಿದ್ಯುತ್ ಸುರಕ್ಷಿತವೇ ಅಂತ ಕೇಳುವ ಬದಲು ಯಾವ ಸ್ಥಾವರ, ಯಾವ ನೆಲ, ಕಟ್ಟಿದವರು ಯಾವ ಎಚ್ಚರಿಕೆಗೆ ಕಿವಿ ಕೊಟ್ಟರು ಅಂತ ಕೇಳಿದರೆ ಉತ್ತರ ಸಿಗುತ್ತದೆ.

ಫುಕುಶಿಮಾದಲ್ಲಿ ವಿಕಿರಣದಿಂದ ಸತ್ತರು ಅಂತ ಸರ್ಕಾರ ಒಪ್ಪಿದ್ದು ಒಬ್ಬ ಕೆಲಸಗಾರರನ್ನು. ಆದರೆ ಒಂದೂವರೆ ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಸ್ಥಳಾಂತರದ ಕಷ್ಟ, ನಿಂತುಹೋದ ಚಿಕಿತ್ಸೆ, ಒಂಟಿತನ ಇವುಗಳಿಂದ ಆ ಪ್ರಾಂತ್ಯದಲ್ಲಿ 2000ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಪರ ಇರುವವರು ಇದನ್ನು ಭಯದಿಂದಾದ ಸಾವು ಅನ್ನುತ್ತಾರೆ. ವಿರೋಧಿಗಳು ಸ್ಥಾವರ ಇಲ್ಲದಿದ್ದರೆ ಆ ಸ್ಥಳಾಂತರವೇ ಇರುತ್ತಿರಲಿಲ್ಲ ಅನ್ನುತ್ತಾರೆ. ನನ್ನ ಮಟ್ಟಿಗೆ ಎರಡನೆಯ ಮಾತಿಗೆ ತೂಕ ಜಾಸ್ತಿ. ಜನರನ್ನು ಹೇಗೆ ಸಾಗಿಸುತ್ತೇವೆ ಅನ್ನುವುದೂ ಸ್ಥಾವರದ ಸುರಕ್ಷತೆಯ ಭಾಗವೇ.

ಕಸ, ಅಂದರೆ ಕಾಲ

ಎಲ್ಲ ಅಣು ಕಸವೂ ಒಂದೇ ಅಲ್ಲ. ಕೈಗವಸು, ಬಟ್ಟೆ, ಉಪಕರಣದಂಥ ಸೌಮ್ಯ ಕಸವೇ ಗಾತ್ರದಲ್ಲಿ ಹೆಚ್ಚು. ತೀವ್ರ ಮಟ್ಟದ ಕಸ ಗಾತ್ರದಲ್ಲಿ ಸುಮಾರು 3 ಶೇಕಡಾ. ಆದರೆ ಒಟ್ಟು ವಿಕಿರಣದ ಸುಮಾರು 95 ಶೇಕಡಾ ಅದರಲ್ಲೇ ಇದೆ. ಜಗಳ ಇರುವುದು ಇದರ ಬಗ್ಗೆಯೇ, ಮುಖ್ಯವಾಗಿ ಬಳಸಿದ ಇಂಧನದ ಬಗ್ಗೆ.

ಒಂದು ಸರಳ ಸೂತ್ರ: ಹತ್ತು ಅರ್ಧಾಯುಷ್ಯ ಕಳೆದರೆ ವಸ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಯೋಡಿನ್-131ಕ್ಕೆ ಅದು 80 ದಿನ. ಸೀಸಿಯಂ-137ಕ್ಕೆ ಅರ್ಧಾಯುಷ್ಯ 30 ವರ್ಷ, ಹಾಗಾಗಿ 300 ವರ್ಷ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷ, ಅಂದರೆ ಎರಡು ಲಕ್ಷ ನಲವತ್ತು ಸಾವಿರ ವರ್ಷ. ಇಲ್ಲಿ ಬಹಳ ಜನ ಎಡವುತ್ತಾರೆ. ಹೆಚ್ಚು ಕಾಲ ಉಳಿಯುವುದೇ ಹೆಚ್ಚು ಉಗ್ರ ಅಂದುಕೊಳ್ಳುತ್ತಾರೆ. ನಿಜ ಉಲ್ಟಾ. ಅಷ್ಟೇ ಪರಮಾಣುಗಳಿದ್ದರೆ ಬೇಗ ಕ್ಷಯಿಸುವುದೇ ಪ್ರತಿ ಸೆಕೆಂಡಿಗೆ ಹೆಚ್ಚು ವಿಕಿರಣ ಕೊಡುತ್ತದೆ. ಮೊದಲ ಕೆಲವು ನೂರು ವರ್ಷ ಉಗ್ರ ಕಸದ ಕಾಲ, ಆಮೇಲಿನ ಲಕ್ಷ ವರ್ಷ ಹಟಮಾರಿ ಕಸದ ಕಾಲ ಅಂತ ನೆನಪಿಟ್ಟುಕೊಳ್ಳಬಹುದು.

ರಿಯಾಕ್ಟರ್‌ನಿಂದ ತೆಗೆದ ಇಂಧನ ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ತಣ್ಣಗಾಗುತ್ತದೆ. ಆಮೇಲೆ ಉಕ್ಕು-ಕಾಂಕ್ರೀಟಿನ ಒಣ ಪೆಟ್ಟಿಗೆಗೆ ಹೋಗುತ್ತದೆ. ಫ್ರಾನ್ಸ್‌ನಂತೆ ಮರುಸಂಸ್ಕರಣೆ ಮಾಡಿ ಪ್ಲುಟೋನಿಯಂ ಬೇರೆ ತೆಗೆಯುವ ದಾರಿಯೂ ಇದೆ. ಅದರಿಂದ ಬಾಂಬಿನ ವಸ್ತು ಸಿಗುತ್ತದೆ ಅನ್ನುವ ಆತಂಕ ಇದೆ, ಮತ್ತು ಉಳಿದ ಕಸವನ್ನು ಹೇಗೂ ಹೂಳಲೇಬೇಕು.

ಹೂಳುವುದರಲ್ಲಿ ಎಲ್ಲರಿಗಿಂತ ಮುಂದಿರುವುದು ಫಿನ್ಲೆಂಡ್. ಅಲ್ಲಿನ ಒಂಕಾಲೊ ಸುರಂಗ ನೆಲದಿಂದ 400 ಮೀಟರ್‌ಗೂ ಆಳದಲ್ಲಿದೆ. ಬಂಡೆಯ ವಯಸ್ಸು ಸುಮಾರು 190 ಕೋಟಿ ವರ್ಷ. ಇಂಧನವನ್ನು ತಾಮ್ರದ ಡಬ್ಬಿಯಲ್ಲಿ ಮುಚ್ಚಿ, ಸುತ್ತ ಬೆಂಟೊನೈಟ್ ಜೇಡಿಮಣ್ಣು ತುಂಬುವ ಯೋಜನೆ. ನೀರು ತಾಗಿದರೆ ಈ ಮಣ್ಣು ಉಬ್ಬಿ ಬಿರುಕುಗಳನ್ನು ತಾನೇ ಮುಚ್ಚುತ್ತದೆ. ಇದೇ ವಿಧಾನಕ್ಕೆ ಸ್ವೀಡನ್ನಿನಲ್ಲಿ ತಕರಾರು ಬಂತು. ಆಮ್ಲಜನಕ ಇಲ್ಲದ ನೀರಿನಲ್ಲೂ ತಾಮ್ರ ಸವೆಯಬಹುದು ಅಂತ ಕೆಲವು ಸಂಶೋಧಕರು ಹೇಳಿದರು. 2018ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ ಡಬ್ಬಿಯ ಬಗ್ಗೆ ಇನ್ನಷ್ಟು ಆಧಾರ ಕೊಡಿ ಅಂದಿತು. ಕೊಟ್ಟ ಮೇಲೆ 2022ರಲ್ಲಿ ಸರ್ಕಾರ ಒಪ್ಪಿತು. ಇಂಥ ತಕರಾರನ್ನು ಅಡ್ಡಗಾಲು ಅಂತ ನೋಡಬಾರದು. ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ನೋಡುವಂತೆ ಮಾಡಿದ್ದು ಅದೇ.

ಕೆಟ್ಟ ಉದಾಹರಣೆಗಳೂ ಬೇಕು. 1957ರಲ್ಲಿ ಸೋವಿಯತ್ ಒಕ್ಕೂಟದ ಮಾಯಕ್ ಅಣು ಕೇಂದ್ರದಲ್ಲಿ ದ್ರವ ಕಸದ ಟ್ಯಾಂಕ್ ತಣಿಸುವ ವ್ಯವಸ್ಥೆ ಕೆಟ್ಟು ಸ್ಫೋಟಿಸಿತು. ಜರ್ಮನಿಯ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಪೀಪಾಯಿ ಇಳಿಸಿದರು. ಈಗ ಗಣಿಗೆ ನೀರು ಜಿನುಗುತ್ತಿದೆ, ಪೀಪಾಯಿಗಳನ್ನು ವಾಪಸ್ ತೆಗೆಯಬೇಕಾಗಿದೆ. ಅಮೆರಿಕದ ನ್ಯೂ ಮೆಕ್ಸಿಕೋದ ಭೂಗತ ಕೇಂದ್ರದಲ್ಲಿ 2014ರ ಫೆಬ್ರವರಿಯಲ್ಲಿ ಒಂದು ಪೀಪಾಯಿ ಒಡೆಯಿತು. ಕಾರಣ? ತೇವ ಹೀರಲು ಬೆಕ್ಕಿನ ಮಲದ ತಟ್ಟೆಗೆ ಹಾಕುವ ಪುಡಿ ಬಳಸುತ್ತಿದ್ದರು. ಖನಿಜದ ಪುಡಿಯ ಬದಲು ಸಸ್ಯಮೂಲದ ಪುಡಿ ಸೇರಿಸಿದ್ದರು. ಅದು ಒಳಗಿನ ನೈಟ್ರೇಟ್ ಜೊತೆ ಬಿಸಿಯೇರಿತು. ಒಂದು ಪುಡಿ ಅದಲುಬದಲಾದ ತಪ್ಪಿಗೆ ಕೇಂದ್ರ ಸುಮಾರು ಮೂರು ವರ್ಷ ಮುಚ್ಚಿತು. ಬಂಡೆಯನ್ನು ಲಕ್ಷ ವರ್ಷ ನಂಬಬಹುದೇನೋ, ಪ್ಯಾಕಿಂಗ್ ಮಾಡುವ ಕೋಣೆಗೆ ದಿನವೂ ಕಾವಲು ಬೇಕು.

ನಂಬಿಕೆಯ ಪ್ರಶ್ನೆ

ಅಣು ಕಸ ಹೂಳಲು ಅಮೆರಿಕ 1987ರಲ್ಲಿ ಬೇರೆ ಜಾಗಗಳನ್ನೆಲ್ಲ ಬಿಟ್ಟು ನೆವಾಡಾದ ಯುಕ್ಕಾ ಬೆಟ್ಟ ಒಂದನ್ನೇ ಪರಿಶೀಲಿಸಿ ಅಂತ ಕಾನೂನು ಮಾಡಿತು. ನೆವಾಡಾದ ಜನರಿಗೆ ಅದು ನಮ್ಮ ತಲೆಗೆ ಕಟ್ಟಿದ ಹೊರೆ ಅನ್ನಿಸಿತು. ದಶಕಗಳ ಕಾಲ ವಿರೋಧಿಸಿದರು, ಕೊನೆಗೆ ಹಣ ನಿಂತಿತು. ಫಿನ್ಲೆಂಡಿನಲ್ಲಿ ಬೇಡ ಅನ್ನುವ ಅಧಿಕಾರ ಸ್ಥಳೀಯ ಪುರಸಭೆಯ ಕೈಯಲ್ಲೇ ಇತ್ತು. ಎಉರಾಯೊಕಿ ಪುರಸಭೆ ಒಪ್ಪಿತು. 2001ರಲ್ಲಿ ಸಂಸತ್ತೂ ಒಪ್ಪಿತು. ಇಲ್ಲ ಅನ್ನಲು ಅವಕಾಶ ಇದ್ದುದರಿಂದಲೇ ಆ ಹೂಂಗೆ ಬೆಲೆ ಬಂತು.

ಸ್ವಿಟ್ಜರ್ಲೆಂಡಿನ ಒಂದು ಸಮೀಕ್ಷೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1993ರಲ್ಲಿ ಬ್ರೂನೊ ಫ್ರೈ ಮತ್ತು ಫೆಲಿಕ್ಸ್ ಓಬರ್‌ಹೋಲ್ಟ್ಸರ್-ಗೀ ಎಂಬ ಅರ್ಥಶಾಸ್ತ್ರಜ್ಞರು, ನಿಮ್ಮ ಊರಲ್ಲಿ ಅಣು ಕಸ ಇಡಲು ಒಪ್ಪುತ್ತೀರಾ ಅಂತ ಕೇಳಿದರು. ಸುಮಾರು 51 ಶೇಕಡಾ ಜನ ಒಪ್ಪಿದರು. ಪ್ರತಿ ವರ್ಷ ಪರಿಹಾರದ ಹಣವನ್ನೂ ಕೊಡುತ್ತಾರೆ, ಈಗ ಒಪ್ಪುತ್ತೀರಾ ಅಂತ ಕೇಳಿದಾಗ ಒಪ್ಪಿಗೆ ಸುಮಾರು 25 ಶೇಕಡಾಕ್ಕೆ ಕುಸಿಯಿತು. ಯಾರಾದರೂ ಹೊರಲೇಬೇಕಾದ ಹೊಣೆ ಅಂತ ಕೇಳಿದಾಗ ಹೆಗಲು ಕೊಟ್ಟವರು, ಬೆಲೆ ಕಟ್ಟಿದ ಕೂಡಲೇ ಹಿಂದೆ ಸರಿದರು. ಜನರಿಗೆ ವಿಜ್ಞಾನ ಗೊತ್ತಿಲ್ಲ, ಅದಕ್ಕೇ ಹೆದರುತ್ತಾರೆ ಅಂತ ಹೇಳುವವರಿಗೆ ಈ ಸಂಖ್ಯೆ ತೋರಿಸಿ. ಎರಡು ಪ್ರಶ್ನೆಗಳ ನಡುವೆ ಯಾರ ವಿಜ್ಞಾನವೂ ಬದಲಾಗಿರಲಿಲ್ಲ.

ಕೊನೆಯದಾಗಿ, ಇಲ್ಲಿ ಕಸ ಹೂತಿದೆ ಅಂತ ಇನ್ನೂ ಹುಟ್ಟದವರಿಗೆ ಹೇಗೆ ತಿಳಿಸುವುದು? 1981ರಲ್ಲಿ ಅಮೆರಿಕ ಇದಕ್ಕೊಂದು ತಂಡವನ್ನೇ ಮಾಡಿತು. ಹತ್ತು ಸಾವಿರ ವರ್ಷ ಕಳೆದ ಮೇಲೂ, ಇಲ್ಲಿ ಅಗೆಯಬೇಡಿ ಅಂತ ಅರ್ಥವಾಗುವ ಗುರುತು ಬೇಕಿತ್ತು. ಮನುಷ್ಯ ಬರೆಯಲು ಕಲಿತೇ ಐದು ಸಾವಿರ ವರ್ಷವಾಗಿದೆ. ಸಾವಿರ ವರ್ಷದ ಹಿಂದಿನ ಹಳಗನ್ನಡ ಪದ್ಯ ಓದಲು ನಮಗೆ ಪಕ್ಕದಲ್ಲಿ ಅರ್ಥಕೋಶ ಬೇಕು. ಕಲ್ಲಿನ ಮುಳ್ಳುಗಳನ್ನು ನಿಲ್ಲಿಸೋಣ, ಹೆದರಿದ ಮುಖ ಕೆತ್ತೋಣ ಅಂತೆಲ್ಲ ಸಲಹೆಗಳು ಬಂದವು. ಗುರುತು ಕಂಡರೆ ಜನ ಕುತೂಹಲದಿಂದ ಅಗೆದೇ ಅಗೆಯುತ್ತಾರೆ ಅನ್ನುವವರೂ ಇದ್ದಾರೆ. ಅವರ ಪ್ರಕಾರ ಬೆಲೆಬಾಳುವ ಅದಿರು ಯಾವುದೂ ಇಲ್ಲದ ಸಾಧಾರಣ ಬಂಡೆ ಆರಿಸಿ, ಸುರಂಗ ತುಂಬಿಸಿ, ಮೇಲೆ ಕಾಡು ಬೆಳೆಯಲು ಬಿಡುವುದೇ ಒಳ್ಳೆಯದು.