ಹೆಸರು ಮನಿಲಾದ್ದು, ಸೂಜಿ ಕ್ಯಾಂಟನ್ನಿನದು

ಫ್ಲಮೆಂಕೊ ನರ್ತಕಿಯ ಹೆಗಲ ಮೇಲೆ ಗಿರ್ರನೆ ತಿರುಗುವ ದೊಡ್ಡ ರೇಷ್ಮೆ ಶಾಲನ್ನು ನೀವು ನೋಡಿರಬಹುದು. ಮೈತುಂಬ ಕಸೂತಿ ಹೂ, ಅಂಚಿಗೆ ಉದ್ದನೆ ಕುಚ್ಚು. ಸ್ಪೇನಿನವರು ಅದನ್ನು 'ಮಂತೋನ್ ದೆ ಮನಿಲಾ' ಎಂದು ಕರೆಯುತ್ತಾರೆ. ಅಂದರೆ ಮನಿಲಾ ಶಾಲು. ಆದರೆ ಅದು ಮನಿಲಾದಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ್ದು ಚೀನಾದ ಕ್ಯಾಂಟನ್ನಿನಲ್ಲಿ, ಈಗಿನ ಗುವಾಂಗ್‌ಝೌನಲ್ಲಿ. ಮನಿಲಾ ಅದು ಹಡಗು ಹತ್ತಿದ ಬಂದರು, ಅಷ್ಟೇ.

1565ರಲ್ಲಿ ಫಿಲಿಪೀನ್ಸ್‌ನಿಂದ ಮೆಕ್ಸಿಕೊಗೆ ಮರಳುವ ಸಮುದ್ರದ ದಾರಿ ಸ್ಪೇನಿನವರಿಗೆ ಸಿಕ್ಕಿತು. ಅಲ್ಲಿಂದ 1815ರವರೆಗೆ, ಬರೋಬ್ಬರಿ 250 ವರ್ಷ, ಅವರ ಹಡಗುಗಳು ಮನಿಲಾ ಮತ್ತು ಮೆಕ್ಸಿಕೊದ ಪಶ್ಚಿಮ ಕರಾವಳಿಯ ಅಕಾಪುಲ್ಕೊ ನಡುವೆ ಓಡಾಡಿದವು. ಅಮೆರಿಕದ ಬೆಳ್ಳಿ ಈ ಕಡೆಗೆ, ಚೀನಾದ ರೇಷ್ಮೆ ಆ ಕಡೆಗೆ. ಮನಿಲಾಗೆ ಮಾಲು ತರುತ್ತಿದ್ದ ಚೀನೀ ವ್ಯಾಪಾರಿಗಳಿಗೆಂದೇ ಕೋಟೆಯ ಹೊರಗೆ ಪರಿಯಾನ್ ಎಂಬ ಪೇಟೆ ಇತ್ತು. ಅಕಾಪುಲ್ಕೊದಲ್ಲಿ ಇಳಿದ ಗಂಟುಗಳು ಹೇಸರಗತ್ತೆಗಳ ಬೆನ್ನೇರಿ ಮೆಕ್ಸಿಕೊದ ಪೂರ್ವ ಕರಾವಳಿಯ ವೆರಾಕ್ರೂಸ್ ಬಂದರು ಸೇರಬೇಕು. ಅಲ್ಲಿಂದ ಸ್ಪೇನಿಗೆ ಮತ್ತೊಂದು ಹಡಗು.

ಹಾಗಂತ ಚೀನಾದ ಹೆಂಗಸರು ಇಂಥ ಶಾಲು ಹೊದೆಯುತ್ತಿದ್ದರು ಅಂದುಕೊಳ್ಳಬೇಡಿ. ಇದು ಪರದೇಶದ ಗಿರಾಕಿಗಳಿಗೆಂದೇ ಮಾಡಿದ ಮಾಲು. 1800ರ ಸುಮಾರಿಗೆ ಯುರೋಪಿನಲ್ಲಿ ಕಾಶ್ಮೀರದ ಶಾಲಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಹೆಗಲ ಮೇಲೆ ಶಾಲು ಇಳಿಬಿಡುವ ರೂಢಿ ಹಾಗೆ ಬೆಳೆದಿತ್ತು, ಅಲ್ವಾ? ಕ್ಯಾಂಟನ್ನಿನ ಸೂಜಿ ಆ ರೂಢಿಗೆ ಒದಗಿ ಬಂತು. ಮನಿಲಾ ಹಡಗುಗಳು ನಿಂತ ಮೇಲೂ ಶಾಲಿನ ವ್ಯಾಪಾರ ನಿಲ್ಲಲಿಲ್ಲ. ಅದು ಜಾಸ್ತಿ ಮೆರೆದಿದ್ದೇ 19ನೇ ಶತಮಾನದಲ್ಲಿ. ಅದೇ ಕ್ಯಾಂಟನ್ ಕಸೂತಿ ಬೇರೊಂದು ದಾರಿಯಲ್ಲಿ ಮುಂಬೈಗೂ ಬಂತು. ಪಾರ್ಸಿ ಹೆಂಗಸರ ಗಾರಾ ಸೀರೆಯ ಮೂಲ ಅದೇ.

ಮೊದಮೊದಲು ಶಾಲಿನ ಮೇಲೆ ಪಗೋಡ, ಹಕ್ಕಿ, ಪಿಯೊನಿ ಹೂ. ಕೆಲವು ಶಾಲುಗಳಲ್ಲಿ ಪುಟ್ಟ ಚೀನೀ ಮನುಷ್ಯರು, ಅವರ ಮುಖಕ್ಕೆ ದಂತದ ತುಣುಕು. ಬರಬರುತ್ತಾ ಗುಲಾಬಿ, ಕಾರ್ನೇಷನ್ ಹೂಗಳು ಜಾಗ ಹಿಡಿದವು. ನನಗೆ ತುಂಬಾ ಇಷ್ಟವಾಗುವುದು ಕುಚ್ಚು. ಗಂಟಿನ ಮೇಲೆ ಗಂಟು ಹಾಕಿ ಬಲೆಯಂತೆ ಹೆಣೆದ ಆ ಅಂಚು ಸ್ಪೇನಿನ ಕೈಗೆಲಸ. ಅದರ ಬೇರು ಅಲ್ಲಿ ಶತಮಾನಗಟ್ಟಲೆ ಬಾಳಿದ ಅರಬ್ ಮುಸ್ಲಿಮರ ಕಸುಬಿನಲ್ಲಿದೆ.

ಸ್ಪೇನಿನ ಸೆವಿಲ್ಲಾ ನಗರದ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ ಒಂದು ಕಥೆ ಹೇಳುತ್ತಾರೆ. ತಂಬಾಕಿನ ಮೂಟೆಗೆ ಸುತ್ತಿ ಬಂದ ರೇಷ್ಮೆಯನ್ನೇ ಅವರು ಹೊದ್ದರಂತೆ. ತಿಂಗಳುಗಟ್ಟಲೆ ಕೂತು ಹಾಕಿದ ಕಸೂತಿಯನ್ನು ಯಾರಾದರೂ ಮೂಟೆಗೆ ಸುತ್ತುತ್ತಾರಾ? ನನಗೆ ನಂಬಿಕೆ ಬರುವುದಿಲ್ಲ. ಆದರೆ ಸಿರಿವಂತರ ಶಾಲು ದುಡಿಯುವ ಹೆಂಗಸರ ಹೆಗಲಿಗೂ ಬಂದಿದ್ದು ನಿಜ. ಹಬ್ಬಕ್ಕೆ, ಮದುವೆಗೆ ಪೆಟ್ಟಿಗೆಯಿಂದ ಹೊರಬರುವ, ತಾಯಿಯಿಂದ ಮಗಳಿಗೆ ಹೋಗುವ ವಸ್ತು ಅದಾಯಿತು.

ಈಗಲೂ ಸೆವಿಲ್ಲಾ ಹತ್ತಿರದ ಕಾಂತಿಯಾನಾದಂಥ ಊರುಗಳಲ್ಲಿ ಹೆಂಗಸರು ಇದೇ ಕಸೂತಿ ಹಾಕುತ್ತಾರೆ. ಶಾಲಿನ ಹೆಸರಲ್ಲಿ ಬಂದರು ಉಳಿಯಿತು. ಕ್ಯಾಂಟನ್ನಿನಲ್ಲಿ ಕೂತು ಹೊಲಿದವರ ಹೆಸರು ಆ ಶಾಲುಗಳ ಮೇಲೆ ಎಲ್ಲೂ ಇಲ್ಲ.