ವೀಲ್‌ಚೇರ್ ಕೊಟ್ಟ ಮೇಲೆ ಏನಾಯಿತು?

ಮೈಸೂರು, ಮಂಡ್ಯ ಕಡೆಯ ಸಿಬಿಆರ್ ವರದಿಗಳನ್ನು ಓದುವುದು ನನ್ನ ಕೆಲಸದ ಭಾಗ. ಸಿಬಿಆರ್ ಅಂದರೆ ಸಮುದಾಯ ಆಧಾರಿತ ಪುನರ್ವಸತಿ. ವಿಕಲಚೇತನರು ಪೇಟೆಗೆ ಅಲೆಯುವ ಬದಲು ಅವರ ಊರಲ್ಲೇ, ಮನೆಯವರನ್ನೂ ಸೇರಿಸಿಕೊಂಡು, ಚಿಕಿತ್ಸೆಯಿಂದ ಹಿಡಿದು ಶಾಲೆ, ದುಡಿಮೆ, ಮಾಸಾಶನದವರೆಗೆ ಜೊತೆ ನಿಲ್ಲುವ ಕೆಲಸ. ವರದಿಯಲ್ಲಿ ಎಷ್ಟು ಶಿಬಿರ, ಎಷ್ಟು ವೀಲ್‌ಚೇರ್ ಎಲ್ಲ ಇರುತ್ತದೆ. ಆ ವೀಲ್‌ಚೇರ್ ಮನೆಯ ಹೊಸ್ತಿಲು ದಾಟಿತಾ ಅನ್ನುವುದು ಮಾತ್ರ ಇರುವುದಿಲ್ಲ.

ಇಂಥ ಪ್ರಶ್ನೆಗೆ ಸರಿಯಾಗಿ ಉತ್ತರ ಹುಡುಕಿದ ಅಧ್ಯಯನ ನಮ್ಮ ಮಂಡ್ಯ ಜಿಲ್ಲೆಯಲ್ಲೇ ನಡೆದಿದೆ, 2014ರಲ್ಲಿ ಪ್ರಕಟವಾಯಿತು. ಸಿಬಿಆರ್ ಕಾರ್ಯಕ್ರಮಕ್ಕೆ ಸೇರಿದವರನ್ನು, ಕಾರ್ಯಕ್ರಮ ಇಲ್ಲದ ಕಡೆಯ, ಆದಷ್ಟೂ ಅವರಂಥದೇ ಸ್ಥಿತಿಯ ಜನರ ಜೊತೆ ಹೋಲಿಸಿದರು. ಮಾಸಾಶನ ಪಡೆಯುವವರು ಸರ್ಕಾರದ ಯೋಜನೆಯಿಂದಲೂ ಜಾಸ್ತಿಯಾಗುತ್ತಾರೆ ಅಲ್ವಾ, ಹೋಲಿಸಲು ಬೇರೆಯವರು ಇಲ್ಲದಿದ್ದರೆ ಅದೆಲ್ಲ ನಮ್ಮಿಂದಲೇ ಆಯಿತು ಅಂತ ನಂಬಿಬಿಡುತ್ತೇವೆ. ಹಾಗೆ ಹೋಲಿಸಿದಾಗಲೂ ಮಾಸಾಶನ, ಸಲಕರಣೆಗಳ ಬಳಕೆ, ಸಂಬಳದ ಕೆಲಸ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು, ಎಲ್ಲದರಲ್ಲೂ ಸೇರಿದವರು ಮುಂದಿದ್ದರು. ಇದು ದೊಡ್ಡ ವಿಷಯ.

ಹಾಗಂತ ಮನೆಯಲ್ಲಿ ಮಾಡಿಸಿದ್ದೆಲ್ಲ ಫಲ ಕೊಡುವುದಿಲ್ಲ. ಲಕ್ವ ಹೊಡೆದವರಿಗೆ ಮನೆಯವರಿಂದಲೇ ಪುನರ್ವಸತಿ ಮಾಡಿಸುವ ಪ್ರಯೋಗ ಭಾರತದ 14 ಆಸ್ಪತ್ರೆಗಳಲ್ಲಿ, 1,250 ರೋಗಿಗಳ ಮೇಲೆ ನಡೆಯಿತು. ಆರು ತಿಂಗಳಲ್ಲಿ ಸಾವೂ ಕಡಿಮೆಯಾಗಲಿಲ್ಲ, ಇನ್ನೊಬ್ಬರ ಮೇಲಿನ ಅವಲಂಬನೆಯೂ ಕಡಿಮೆಯಾಗಲಿಲ್ಲ ಅಂತ 2017ರಲ್ಲಿ ವರದಿ ಬಂತು. ಇದನ್ನು ಮುಚ್ಚಿಡಬಾರದು. ಒಲೆ, ದನ, ಕಬ್ಬಿನ ಗದ್ದೆ ಎಲ್ಲ ನೋಡಿಕೊಳ್ಳುವ ಹೆಂಗಸಿನ ಮೇಲೆ ಥೆರಪಿಸ್ಟ್ ಕೆಲಸವನ್ನೂ ಹೊರಿಸಿ ಅದನ್ನು ಸಿಬಿಆರ್ ಅನ್ನುವುದು ಅನ್ಯಾಯ. ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವ 282 ಜನರ ಇನ್ನೊಂದು ಪ್ರಯೋಗದಲ್ಲಿ, ಡಾಕ್ಟರ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗುತ್ತಿದ್ದರು. ಅಲ್ಲಿ ವರ್ಷದಲ್ಲಿ ಸ್ವಲ್ಪವಾದರೂ ಸುಧಾರಣೆ ಕಂಡಿತು. ನನ್ನ ಪ್ರಕಾರ, ಕಲಿತ ಕಾರ್ಯಕರ್ತರು ಬೆನ್ನಿಗೆ ಇದ್ದಾರಾ ಅನ್ನುವುದನ್ನೇ ಮೊದಲು ನೋಡಬೇಕು.

ಸಿಬಿಆರ್ ಬಗ್ಗೆ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಪುರಾವೆಯನ್ನು 2015ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕಿದ್ದು 15 ಅಧ್ಯಯನ ಮಾತ್ರ. ಅಳೆದದ್ದು ಹೆಚ್ಚಾಗಿ ಆರೋಗ್ಯ. ದುಡಿಮೆ, ಓದು, ಮರ್ಯಾದೆಯ ಬದುಕು ಇವು ಹಿಂದೆಯೇ ಉಳಿದವು.

ನಮ್ಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಿಗೆ ಊರಿನ ಪ್ರತಿ ಮನೆ ಗೊತ್ತು. ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿದ್ದನ್ನು ಬರೆಯುವ ರಿಜಿಸ್ಟರಿನಲ್ಲೇ, ಆರು ತಿಂಗಳ ನಂತರ ಆ ವ್ಯಕ್ತಿ ತಾನೇ ಸ್ನಾನ ಮಾಡುತ್ತಿದ್ದಾರಾ, ಸಂಪಾದನೆ ಇದೆಯಾ, ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟಿದ್ದರೆ ಯಾಕೆ ಬಿಟ್ಟರು ಅಂತ ಅವರಿಂದ ಬರೆಸಿ. ಆ ಕೆಲಸಕ್ಕೂ ಸೇರಿಸಿ ಅವರ ಗೌರವಧನ ಲೆಕ್ಕ ಹಾಕಿ.